ಪದಚರ್ಚೆ: ‘ಮಾಡ್ಯುಲೇಶನ್ ಇಂಡೆಕ್ಸ್’ಗೆ ‘ಆಳ’ ಎನ್ನಬಹುದೇ?

ಬಳಗಕ್ಕೆ ನಮಸ್ಕಾರ.

ಎಫ್‌ಎಂ ಸಿಂಥೆಸಿಸ್ (ಒಂದು ತರಂಗದ ಕಂಪನಾಂಕವನ್ನು ಇನ್ನೊಂದು ತರಂಗದಿಂದ ಏರಿಳಿಸಿ ನಾದ ಹುಟ್ಟಿಸುವ ವಿಧಾನ) ಕುರಿತ ಕನ್ನಡ ಕೈಪಿಡಿಯೊಂದರಲ್ಲಿ ಫ್ರೀಕ್ವೆನ್ಸಿಗೆ ‘ಕಂಪನಾಂಕ’, ಕ್ಯಾರಿಯರ್‌ಗೆ ‘ವಾಹಕ’ ಎಂದು ಬಳಸಿದೆ. ಮಾಡ್ಯುಲೇಶನ್ ಇಂಡೆಕ್ಸ್‌ಗೆ ‘ಆಳ’, ಹಾರ್ಮೋನಿಕ್‌ಗೆ (ಮೂಲ ಕಂಪನಾಂಕದ ಪೂರ್ಣ ಗುಣಕಕ್ಕೆ) ‘ಅನುಸ್ವರ’, ಮಾಡ್ಯುಲೇಶನ್‌ಗೆ ‘ಕಂಪಿತ’ ಎಂದರೆ ನಡೆಯುತ್ತದೆಯೇ? ತಿಳಿದವರು ಹೇಳಬೇಕು.

ಉತ್ತರ:

‘ಆಳ’ ದಯವಿಟ್ಟು ಬೇಡ. ಆಳ ಎಂದ ಕೂಡಲೇ ಓದುಗರು ವಾಹಕದ ಕಂಪನಾಂಕ ಎಷ್ಟು ಹರ್ಟ್ಸ್ ಏರಿಳಿಯುತ್ತದೆ ಎಂದು ನೋಡುತ್ತಾರೆ. ಅದು ವಿಚಲನೆ. ಇಂಡೆಕ್ಸ್ ಎಂದರೆ ಆ ವಿಚಲನೆಯನ್ನು ಮಾಡ್ಯುಲೇಟರ್‌ನ (ವಾಹಕವನ್ನು ಏರಿಳಿಸುವ ತರಂಗದ) ಕಂಪನಾಂಕದಿಂದ ಭಾಗಿಸಿದಾಗ ಸಿಗುವ ಬರಿಯ ಸಂಖ್ಯೆ. ಎರಡಕ್ಕೂ ಒಂದೇ ಪದ ಇಟ್ಟರೆ ಕಲಿಯುವವರು ಎಡವುವುದು ಖಂಡಿತ.

ವಾಹಕ 200, ಮಾಡ್ಯುಲೇಟರ್ 200, ವಿಚಲನೆ 400 ಹರ್ಟ್ಸ್ ಇರಲಿ. ಇಂಡೆಕ್ಸ್ 2. ಇದನ್ನೇ ಒಂದು ಸ್ಥಾಯಿ ಮೇಲೆ ನುಡಿಸಿದರೆ ವಾಹಕ, ಮಾಡ್ಯುಲೇಟರ್ ಎರಡೂ 400 ಆಗುತ್ತವೆ. ವಿಚಲನೆಯನ್ನು 400ರಲ್ಲೇ ಬಿಟ್ಟರೆ ಇಂಡೆಕ್ಸ್ 1ಕ್ಕೆ ಇಳಿಯುತ್ತದೆ, ನಾದ ಮಂಕಾಗುತ್ತದೆ. ಅದೇ ಹೊಳಪು ಬೇಕಾದರೆ ವಿಚಲನೆ 800 ಆಗಬೇಕು. ‘ಆಳ 400’ ಎಂದು ಓದಿದವರಿಗೆ ಇದು ಹೊಳೆಯುವುದೇ ಇಲ್ಲ. ‘ಸೂಚ್ಯಂಕ’ ಎಲ್ಲರಿಗೂ ಗೊತ್ತಿರುವ ಪದ. ‘ಮಾಡ್ಯುಲೇಶನ್ ಸೂಚ್ಯಂಕ’ ಎಂದೇ ಇಡಿ.

1983ರ ಯಮಾಹಾ ಡಿಎಕ್ಸ್7 ಸಿಂಥಸೈಜರ್ ಬಗ್ಗೆ ಬರೆಯುವುದಿದ್ದರೆ ಇನ್ನೊಂದು ಎಚ್ಚರ. ಅದು ಬದಲಿಸುವುದು ವಾಹಕದ ಕಂಪನಾಂಕವನ್ನಲ್ಲ, ಫೇಸನ್ನು (ತರಂಗ ತನ್ನ ಆವರ್ತದಲ್ಲಿ ಎಲ್ಲಿದೆ ಎಂಬುದನ್ನು). ಹಾಗಾಗಿ ಮಾಡ್ಯುಲೇಟರ್‌ನ ಔಟ್‌ಪುಟ್ ಲೆವೆಲ್ಲೇ ಸೂಚ್ಯಂಕವನ್ನು ನಿರ್ಧರಿಸುತ್ತದೆ, ಮೇಲಿನ ಸ್ಥಾಯಿಗೆ ಹೋದರೂ ಅದು ತಾನಾಗಿ ಕುಗ್ಗುವುದಿಲ್ಲ. ಆದರೆ 0ಯಿಂದ 99ರವರೆಗಿನ ಆ ಲೆವೆಲ್ ಸೂಚ್ಯಂಕವಲ್ಲ: 50ರಿಂದ 99ಕ್ಕೆ ಏರಿಸಿದರೆ ಸೂಚ್ಯಂಕ ಹತ್ತಾರು ಪಟ್ಟು ಹೆಚ್ಚುತ್ತದೆ.

‘ಕಂಪಿತ’ ಚೆಂದದ ಪದ, ಅರ್ಧ ದಾರಿಯವರೆಗೆ ಸರಿಯೂ ಹೌದು. ಮಾಡ್ಯುಲೇಟರ್ 6 ಹರ್ಟ್ಸ್ ಇದ್ದಾಗ ಶ್ರುತಿ ಓಲಾಡುವುದು ಕಿವಿಗೆ ಕೇಳುತ್ತದೆ, ಕಂಪಿತ ಗಮಕದ ಹಾಗೆ. ವೇಗ ಇಪ್ಪತ್ತು ಮೂವತ್ತು ಹರ್ಟ್ಸ್ ದಾಟಿದ ಮೇಲೆ ಓಲಾಟ ಮರೆಯಾಗಿ ನಾದದ ಗುಣವೇ ಬದಲಾಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತ ಸಂಯೋಜಕ ಜಾನ್ ಚೌನಿಂಗ್ 1967ರಲ್ಲಿ ವೈಬ್ರಾಟೋವನ್ನು (ಶ್ರುತಿಯ ಓಲಾಟವನ್ನು) ವಿಪರೀತ ಹೆಚ್ಚಿಸಿ ನೋಡಿ ಕಂಡುಕೊಂಡದ್ದು ಇದನ್ನೇ. ಎಫ್‌ಎಂ ಸಿಂಥೆಸಿಸ್ ಶುರುವಾಗುವುದೇ ಕಂಪಿತ ಮುಗಿಯುವಲ್ಲಿ. ಮಾಡ್ಯುಲೇಶನ್ ಹಾಗೇ ಇರಲಿ.

‘ಅನುಸ್ವರ’ಕ್ಕೆ ಎರಡು ತೊಡಕು. ಕರ್ನಾಟಕ ಸಂಗೀತದಲ್ಲಿ ಅದು ಮುಖ್ಯ ಸ್ವರಕ್ಕೆ ತಾಗಿ ಬರುವ ಕ್ಷಣಿಕ ಸ್ವರ. ಹಾಡುವವರು ಓದಿದರೆ ಬೇರೆಯೇ ಅರ್ಥ ಹಿಡಿಯುತ್ತಾರೆ. ಎರಡನೆಯದು ಹೆಚ್ಚು ಮುಖ್ಯ: ಎಫ್‌ಎಂನಲ್ಲಿ ಹುಟ್ಟುವುದೆಲ್ಲ ಹಾರ್ಮೋನಿಕ್ ಅಲ್ಲ. ವಾಹಕ ಮತ್ತು ಮಾಡ್ಯುಲೇಟರ್ ಕಂಪನಾಂಕಗಳ ಅನುಪಾತ 1:1 ಇದ್ದರೆ ಎಲ್ಲ ಹಾರ್ಮೋನಿಕ್‌ಗಳೂ, 1:2 ಇದ್ದರೆ ಬೆಸಸಂಖ್ಯೆಯವು ಮಾತ್ರ ಬರುತ್ತವೆ. ಗಂಟೆಯ ನಾದಕ್ಕೆ ಬಳಸುವ 1:1.4 ತೆಗೆದುಕೊಳ್ಳಿ. ವಾಹಕ 200, ಮಾಡ್ಯುಲೇಟರ್ 280. ವಾಹಕಕ್ಕೆ 280ನ್ನು ಮತ್ತೆ ಮತ್ತೆ ಕೂಡಿದರೆ ಮೇಲ್ಬದಿಯಲ್ಲಿ 480, 760 ಬರುತ್ತವೆ. ಹಾಗೆಯೇ ಕಳೆದರೆ ಕೆಳಬದಿಯಲ್ಲಿ ಬರುವ −80, −360 ಸೊನ್ನೆಯಿಂದ ಮಡಚಿಕೊಂಡು, ಫೇಸ್ ತಿರುಗಿ, 80 ಮತ್ತು 360 ಆಗಿ ಕೇಳುತ್ತವೆ. ಇವುಗಳಲ್ಲಿ ಒಂದೂ 200ರ ಗುಣಕವಲ್ಲ. ಆದ್ದರಿಂದ ಹಾರ್ಮೋನಿಕ್ ಪದವನ್ನು ಹಾಗೇ ಉಳಿಸಿ, ಗುಣಕವಿರಲಿ ಇಲ್ಲದಿರಲಿ ನಾದದೊಳಗಿನ ಪ್ರತಿಯೊಂದಕ್ಕೂ ‘ಘಟಕ ಕಂಪನ’ ಎಂದು ಬೇರೆ ಪದ ಇಟ್ಟುಕೊಳ್ಳಿ.

‘ವಾಹಕ’ ಇರಲಿ. ವಿದ್ಯುತ್ ವಾಹಕ ಎಂದು ಯಾರೂ ತಪ್ಪು ತಿಳಿಯದಂತೆ ಮೊದಲ ಸಲ ‘ವಾಹಕ ತರಂಗ’ ಎಂದು ಪೂರ್ತಿ ಬರೆದರೆ ಸಾಕು.