2004ರಲ್ಲಿ ಬಿಜೆಪಿ ಸೋತದ್ದು ‘ಇಂಡಿಯಾ ಶೈನಿಂಗ್’ನಿಂದಲೇ?

ಕೆಎಎಸ್_ಅಭ್ಯರ್ಥಿ:
2004ರ ಲೋಕಸಭಾ ಚುನಾವಣೆ ಬಗ್ಗೆ ಪ್ರಬಂಧ ಬರೆಯಬೇಕಿದೆ. ಯಾವ ಗೈಡ್ ತೆರೆದರೂ ಒಂದೇ ಕಾರಣ: ದೇಶ ಹೊಳೆಯುತ್ತಿದೆ ಅಂತ ಸಾರಿದ ವಾಜಪೇಯಿ ಸರ್ಕಾರದ ‘ಇಂಡಿಯಾ ಶೈನಿಂಗ್’ ಜಾಹೀರಾತಿಗೆ ಹಳ್ಳಿಯ ಜನ ಸಿಟ್ಟಾದರು, ವಾಜಪೇಯಿ ಸರ್ಕಾರ ಬಿತ್ತು. 2003ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಢ ಮೂರನ್ನೂ ಗೆದ್ದ ಪಕ್ಷ, ಫೆಬ್ರವರಿಯಲ್ಲಿ ಲೋಕಸಭೆ ವಿಸರ್ಜಿಸಿ, ಮೇ 13ರ ಎಣಿಕೆಗೆ ಮಕಾಡೆ ಮಲಗಿದ್ದು ಬರೀ ಒಂದು ಜಾಹೀರಾತಿನಿಂದ ಅಂದರೆ ನಂಬೋಕೆ ಕಷ್ಟ. ಅಂಕಿಗಳ ಸಮೇತ ಯಾರಾದರೂ ಬಿಡಿಸಿ ಹೇಳ್ತೀರಾ?

ಸೀಟುಲೆಕ್ಕ:
ಮೊದಲು ಮತ ಪ್ರಮಾಣ ನೋಡಿ. ಬಿಜೆಪಿ 1999ರಲ್ಲಿ ಶೇ. 23.75, 2004ರಲ್ಲಿ ಶೇ. 22.16. ಸೀಟು 182ರಿಂದ 138ಕ್ಕೆ. ಈಗ ಕಾಂಗ್ರೆಸ್: ಶೇ. 28.3ರಿಂದ ಶೇ. 26.5ಕ್ಕೆ. ಅದೂ ಇಳಿದಿದೆ! ಆದರೆ ಸೀಟು ಮಾತ್ರ 114ರಿಂದ 145ಕ್ಕೆ ಏರಿತು. ದೇಶವೇ ಸಿಟ್ಟಿಗೆದ್ದು ಕಾಂಗ್ರೆಸ್ ಕಡೆ ಹೊರಳಿತು ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ.

ಸೀಟು ಹೋದದ್ದು ಮಿತ್ರಪಕ್ಷಗಳ ಲೆಕ್ಕದಲ್ಲಿ. ತಮಿಳುನಾಡಲ್ಲಿ 1999ರಲ್ಲಿ ಡಿಎಂಕೆ, ಪಿಎಂಕೆ, ಎಂಡಿಎಂಕೆ ಎಲ್ಲ ವಾಜಪೇಯಿ ಜೊತೆಗಿದ್ದವು. 39ರಲ್ಲಿ 26 ಬಂತು. 2003ರ ಡಿಸೆಂಬರ್‌ನಲ್ಲಿ ಡಿಎಂಕೆ ಹೊರನಡೆದು ಕಾಂಗ್ರೆಸ್ ಕೈ ಹಿಡಿಯಿತು, ಬಿಜೆಪಿ ಜಯಲಲಿತಾ ಜೊತೆ ಹೋಯಿತು. ಫಲ: 39ಕ್ಕೆ 39 ಡಿಎಂಕೆ ಕೂಟಕ್ಕೆ. ಶೇ. 30ರ ಆಸುಪಾಸು ಮತ ತಗೊಂಡ ಅಣ್ಣಾ ಡಿಎಂಕೆಗೆ ಒಂದೂ ಸೀಟಿಲ್ಲ. ಎದುರಿನವರೆಲ್ಲ ಒಟ್ಟಾದಾಗ, ಕ್ಷೇತ್ರದಲ್ಲಿ ಹೆಚ್ಚು ಮತ ತಗೊಂಡವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಆಗೋದು ಹೀಗೇ.

ಆಂಧ್ರದಲ್ಲಿ ತೆಲುಗುದೇಶಂ 29, ಬಿಜೆಪಿ 7 ಸೇರಿ 36 ಇದ್ದದ್ದು 5ಕ್ಕೆ ಇಳಿಯಿತು. ಹರಿಯಾಣದಲ್ಲಿ ಲೋಕದಳದ ಜೊತೆ 10ಕ್ಕೆ 10 ಗೆದ್ದಿದ್ದ ಬಿಜೆಪಿ, ಅವರನ್ನು ಬಿಟ್ಟು ನಿಂತು 1 ಗೆದ್ದಿತು. ಲೋಕದಳಕ್ಕೆ ಸೊನ್ನೆ. ಈ ಮೂರೇ ರಾಜ್ಯದಲ್ಲಿ 66 ಸೀಟು ಖೋತಾ. ತೆಲುಗುದೇಶಂ ಸೇರಿ 300ರ ಆಸುಪಾಸಿದ್ದ ಎನ್‌ಡಿಎ (ಬಿಜೆಪಿ ಮುಂದಾಳತ್ವದ ಮೈತ್ರಿಕೂಟ) 190ರ ಒಳಗೆ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟ ಇದೇ.

ಬಯಲುಸೀಮೆ:
ಲೆಕ್ಕ ಸರಿ. ಆದರೆ ಆಂಧ್ರದ್ದನ್ನು ಬರೀ ಮೈತ್ರಿ ಅಂತ ಬರೆದರೆ ಅರ್ಧ ಉತ್ತರ. ಚಂದ್ರಬಾಬು ನಾಯ್ಡು ಸರ್ಕಾರ ವಿದ್ಯುತ್ ದರ ಏರಿಸಿ 2000ದಲ್ಲೇ ದೊಡ್ಡ ಚಳವಳಿ ಎದುರಿಸಿತ್ತು. ಮೇಲಿಂದ ಬರ. ಕಾಂಗ್ರೆಸ್‌ನ ರಾಜಶೇಖರ ರೆಡ್ಡಿ 2003ರ ಬಿಸಿಲಲ್ಲಿ ಪಾದಯಾತ್ರೆ ಮಾಡಿ, ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಅಂದರು. ತೆಲಂಗಾಣದಲ್ಲಿ ಪ್ರತ್ಯೇಕ ರಾಜ್ಯ ಕೇಳುತ್ತಿದ್ದ ಟಿಆರ್‌ಎಸ್ ಪಕ್ಷದ ಜೊತೆ ಸೀಟು ಹಂಚಿಕೊಂಡರು. ಅಲ್ಲಿ ವಿಧಾನಸಭೆಗೂ ಆಗಲೇ ಮತದಾನ. ಒಂದೇ ಬೂತು, ಎರಡು ವೋಟು. ವಿಧಾನಸಭೆಯಲ್ಲಿ ತೆಲುಗುದೇಶಂ 294ಕ್ಕೆ 47. ಆ ಸಿಟ್ಟೇ ದೆಹಲಿಯ ಪೆಟ್ಟಿಗೆಗೂ ಬಿತ್ತು. (ಪೆಟ್ಟಿಗೆ ಅನ್ನೋದು ಅಭ್ಯಾಸಬಲ, ಆ ವರ್ಷ ದೇಶದ ಎಲ್ಲ ಕಡೆ ಇವಿಎಂ.)

ಈಗ ಗಡಿ ದಾಟಿ ಈಚೆ ಬನ್ನಿ. ಕರ್ನಾಟಕದಲ್ಲೂ ಬರ, ಇಲ್ಲೂ ಐಟಿಗೆ ಹೆಸರಾದ ಮುಖ್ಯಮಂತ್ರಿ, ಇಲ್ಲೂ ಎರಡು ಚುನಾವಣೆ ಒಟ್ಟಿಗೆ. ಆದರೆ ಆಡಳಿತದಲ್ಲಿದ್ದದ್ದು ಎಸ್. ಎಂ. ಕೃಷ್ಣ ಅವರ ಕಾಂಗ್ರೆಸ್. ವಿಧಾನಸಭೆಯಲ್ಲಿ ಅದು 132ರಿಂದ 65ಕ್ಕೆ ಕುಸಿಯಿತು, ಲೋಕಸಭೆಯಲ್ಲಿ ಬಿಜೆಪಿ 7ರಿಂದ 18ಕ್ಕೆ ಹೋಯಿತು. ಬಂಗಾರಪ್ಪ ಬಿಜೆಪಿ ಸೇರಿ ಶಿವಮೊಗ್ಗ ಗೆದ್ದದ್ದೂ ಆಗಲೇ. ‘ಶೈನಿಂಗ್’ ಜಾಹೀರಾತು ನಮ್ಮ ಊರಲ್ಲೂ ಬಂದಿತ್ತಲ್ಲ, ಇಲ್ಲೇಕೆ ಅದು ಬಿಜೆಪಿಯನ್ನು ಸೋಲಿಸಲಿಲ್ಲ? ಪಂಜಾಬಿನಲ್ಲಿ ಕಾಂಗ್ರೆಸ್ ಸರ್ಕಾರ, ಅಕಾಲಿ–ಬಿಜೆಪಿಗೆ 13ರಲ್ಲಿ 11. ಕೇರಳದಲ್ಲೂ ಕಾಂಗ್ರೆಸ್ ಸರ್ಕಾರ, ಕಾಂಗ್ರೆಸ್‌ಗೆ ಒಂದೂ ಇಲ್ಲ. ಮಧ್ಯಪ್ರದೇಶದಲ್ಲಿ ಹೊಸದಾಗಿ ಬಂದ ಬಿಜೆಪಿ ಸರ್ಕಾರ, 29ರಲ್ಲಿ 25. ಜನ ಬಡಿದದ್ದು ಹೆಚ್ಚಾಗಿ ತಮ್ಮ ರಾಜ್ಯ ಸರ್ಕಾರವನ್ನು.

ಕೆಎಎಸ್_ಅಭ್ಯರ್ಥಿ:
ಹಾಗಾದರೆ ದೆಹಲಿ? ಅಲ್ಲಿ ಶೀಲಾ ದೀಕ್ಷಿತ್ ಸರ್ಕಾರವೇ ಇತ್ತು, ಆದರೂ ಕಾಂಗ್ರೆಸ್ 7ರಲ್ಲಿ 6 ಗೆದ್ದಿದೆ.

ಸೀಟುಲೆಕ್ಕ:
ಒಳ್ಳೆ ಪಟ್ಟು. ಅವರು ಡಿಸೆಂಬರ್‌ನಲ್ಲಷ್ಟೇ ಮತ್ತೆ ಗೆದ್ದು ಬಂದಿದ್ದರು, ಸಿಟ್ಟು ಕಟ್ಟೋಕೆ ಸಮಯವೇ ಇರಲಿಲ್ಲ. ಬಿಹಾರವೂ ಈ ಸೂತ್ರಕ್ಕೆ ಒಗ್ಗಲ್ಲ: ರಾಬ್ಡಿ ದೇವಿಯ ಆರ್‌ಜೆಡಿ ಸರ್ಕಾರ ಇದ್ದರೂ ಆ ಪಕ್ಷಕ್ಕೇ 22. ಅಲ್ಲಿ ಗೆಲ್ಲಿಸಿದ್ದು ಲಾಲೂ, ಪಾಸ್ವಾನ್, ಕಾಂಗ್ರೆಸ್ ಒಂದಾದದ್ದು. ಪಾಸ್ವಾನ್ 2002ರಲ್ಲೇ ಎನ್‌ಡಿಎ ಬಿಟ್ಟಿದ್ದರು.

ದೆಹಲಿ ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತೆ. ಹಳ್ಳಿ ಸೋಲಿಸಿತು, ನಗರ ಉಳಿಸಿತು ಅನ್ನೋದಾದರೆ ದೆಹಲಿಯಲ್ಲಿ 1 ಸೀಟು, ಮುಂಬೈನ ಆರರಲ್ಲಿ ಬಿಜೆಪಿಗೆ ಸೊನ್ನೆ, ಶಿವಸೇನೆಗೆ 1 ಯಾಕೆ? ಪೆಟ್ರೋಲಿಯಂ ಮಂತ್ರಿ ರಾಮ್ ನಾಯಕ್ ಸೋತದ್ದು ಮುಂಬೈ ಉತ್ತರದಲ್ಲಿ, ನಟ ಗೋವಿಂದ ಎದುರು.

ಕೋಷ್ಟಕಪ್ರಿಯ:
ಪ್ರಬಂಧಕ್ಕೆ ಅಂಕಿ ಹಾಕುವಾಗ ಎಡವೋ ಜಾಗ ಹೇಳ್ತೀನಿ. ಚುನಾವಣಾ ಆಯೋಗದ 1999 ಮತ್ತು 2004ರ ಅಂಕಿಅಂಶ ವರದಿ ಪಕ್ಕಪಕ್ಕ ಇಟ್ಟರೆ ಉತ್ತರಪ್ರದೇಶ 85ರಿಂದ 80, ಬಿಹಾರ 54ರಿಂದ 40, ಮಧ್ಯಪ್ರದೇಶ 40ರಿಂದ 29 ಆಗಿರುತ್ತೆ. 2000ದಲ್ಲಿ ರಾಜ್ಯ ಒಡೆದದ್ದು ಕಾರಣ. ಉತ್ತರಾಖಂಡ, ಜಾರ್ಖಂಡ್, ಛತ್ತೀಸಗಢದ ಕ್ಷೇತ್ರಗಳನ್ನು 1999ರ ಪಟ್ಟಿಯಿಂದ ಕೈಯಾರೆ ಬೇರ್ಪಡಿಸಿ. ಹಾಗೆ ಮಾಡದಿದ್ದರೆ ಜಾರ್ಖಂಡ್ ಭಾಗದಲ್ಲಿ ಬಿಜೆಪಿ 14ರಲ್ಲಿ 1ಕ್ಕೆ ಇಳಿದದ್ದು ಬಿಹಾರದ ಒಳಗೆ ಮುಚ್ಚಿಹೋಗುತ್ತೆ.

ಕಾಂಗ್ರೆಸ್ ಮತ ಪ್ರಮಾಣ ಇಳಿದದ್ದನ್ನು ಬರೆಯುವಾಗ ಅದು ಮಿತ್ರರಿಗೆ ಬಿಟ್ಟುಕೊಟ್ಟು 417 ಕಡೆಯಷ್ಟೇ ನಿಂತಿತ್ತು ಅನ್ನೋದನ್ನೂ ಸೇರಿಸಿ, 1999ರಲ್ಲಿ 453. ನಿಲ್ಲದ ಕ್ಷೇತ್ರದಲ್ಲಿ ಮತ ಬರೋದಿಲ್ಲ. ಮೈತ್ರಿಕೂಟದ ಮೊತ್ತ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುತ್ತೆ, ಯಾರನ್ನು ಒಳಗೆ ಎಣಿಸಿದ್ದೀರಿ ಅಂತ ಕೋಷ್ಟಕದ ಕೆಳಗೆ ಒಂದು ಸಾಲು ಹಾಕಿಬಿಡಿ.