ನಗರಸಭೆ, ಪುರಸಭೆ ಕೆಲಸ ಮತ್ತು ತರಬೇತಿ: ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ

ಮೇಡಂ: ಕೊಡಗಿನ ಪಟ್ಟಣ ಸಂಸ್ಥೆಗಳಲ್ಲಿ, ಅಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ, ಸಮುದಾಯ ಸಂಘಟನಾಧಿಕಾರಿ ಆಗಿದ್ದು ನಿವೃತ್ತಿ ಆದವಳು ನಾನು. ಮಡಿಕೇರಿ ನಗರಸಭೆ, ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ, ಯಾವ ಊರಿನವರಾದರೂ ಕೇಳಿ.

ಮಡಿಕೇರಿ ಅಣ್ಣ: ಮೇಡಂ, ನಗರಸಭೆಯಲ್ಲಿ ಕೆಲಸಕ್ಕೆ ಅರ್ಜಿ ಎಲ್ಲಿ ಕೊಡಬೇಕು? ಮಗ ಬಿಕಾಂ.

ಮೇಡಂ: ಖಾಯಂ ಕೆಲಸಕ್ಕೆ ನಗರಸಭೆ ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅಧಿಸೂಚನೆ ಬರುತ್ತದೆ, ಪರೀಕ್ಷೆ ಇರುತ್ತದೆ. ವಯಸ್ಸಿನ ಮಿತಿ ಒಂದೊಂದು ವರ್ಗಕ್ಕೆ ಒಂದೊಂದು ಇರುತ್ತದೆ, ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದ್ದು, ಈಗಲೇ ಮಾಡಿಸಿಡಿ. ಅಧಿಸೂಚನೆ ಬಂದ ಮೇಲೆ ಶಾಲೆಗೆ ಓಡಿದರೆ ಕೊನೇ ದಿನ ದಾಟಿಹೋಗಿರುತ್ತದೆ.

ಕುಶಾಲನಗರ ಅಕ್ಕ: ಹೊಲಿಗೆ ತರಬೇತಿ ಪುರಸಭೆಯಿಂದ ಸಿಗುತ್ತಾ ಮೇಡಂ?

ಮೇಡಂ: ಸಿಗಬೇಕು. ಪಟ್ಟಣ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಹಣ ತೆಗೆದಿಡಬೇಕು. ಹೊಲಿಗೆ ಯಂತ್ರ, ಡ್ರೈವಿಂಗ್ ತರಬೇತಿ ಎಲ್ಲ ಇದರಲ್ಲೇ ಬರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ "ಈ ವರ್ಷದ ಕ್ರಿಯಾ ಯೋಜನೆಯಲ್ಲಿ (ಹಣವನ್ನು ಯಾವುದಕ್ಕೆ ಖರ್ಚು ಮಾಡುತ್ತಾರೆ ಅನ್ನುವ ಪಟ್ಟಿ) ಏನಿದೆ" ಅಂತ ಕೇಳಿ. ಹಾಗೆ ಕೇಳಿದರೆ ಸುಮ್ನೆ ಕಳಿಸುವುದಕ್ಕೆ ಆಗುವುದಿಲ್ಲ.

ನಾಪೋಕ್ಲು: ನಮಗೂ ಸಿಗುತ್ತಾ?

ಮೇಡಂ: ಇಲ್ಲ. ಪಟ್ಟಣದ ವ್ಯಾಪ್ತಿಯಲ್ಲಿ ವಾಸ ಇರಬೇಕು. ನಿಮಗೆ ಪಂಚಾಯಿತಿ.

ಸೋಮವಾರಪೇಟೆ: ಅರ್ಜಿ ಎಲ್ಲಿ ಸಿಗುತ್ತೆ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಒಬ್ಬ ಮಗಳು: ಊರು ಹೇಳುವುದಿಲ್ಲ ಮೇಡಂ, ಕೊಡಗಿನದೇ. ಅಮ್ಮ 9 ವರ್ಷದಿಂದ ಪಟ್ಟಣದಲ್ಲಿ ರಸ್ತೆ ಗುಡಿಸುತ್ತಾರೆ. ಸಂಬಳ ಗುತ್ತಿಗೆದಾರ ಕೈಗೆ ಕೊಡುತ್ತಾನೆ. ಎರಡು ಸಲ ಜನವರಿಯಲ್ಲಿ ಕಾಫಿ ಕುಯ್ಯೋಕೆ ಹೋಗಿದ್ದರು, ಆಗ ಗುಡಿಸಲು ಹೋಗಿಲ್ಲ. ಈಗ ಒಬ್ಬರು ಬಂದು "ಖಾಯಂ ಪಟ್ಟಿಗೆ ಹೆಸರು ಸೇರಿಸುತ್ತೇನೆ, 40 ಸಾವಿರ ಕೊಡಿ" ಅಂತಿದ್ದಾರೆ. ಅಮ್ಮ ಸರ ಅಡ ಇಡಲು ಹೊರಟಿದ್ದಾರೆ. ಕೊಡಬಹುದಾ?

ಮೇಡಂ: ಕೊಡಬೇಡಿ. ಸರ ಮನೆಯಲ್ಲೇ ಇರಲಿ. ಇದನ್ನು ಓದಿ ನನಗೆ ಕೂರಲು ಆಗಲಿಲ್ಲ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ.

2022ರ ಜುಲೈನಲ್ಲಿ ಪೌರಕಾರ್ಮಿಕರು ಮುಷ್ಕರ ಮಾಡಿದರು. ಆಮೇಲೆ ಸರ್ಕಾರ ಮೊದಲ ಹಂತದಲ್ಲಿ 11,133 ಜನರನ್ನು ಖಾಯಂ ಮಾಡಲು ಒಪ್ಪಿತು. ಈ ಸುದ್ದಿ ಹಿಡಿದುಕೊಂಡೇ ದಲ್ಲಾಳಿಗಳು ಊರೂರು ತಿರುಗುತ್ತಾರೆ. ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಿಂದ ಪ್ರಕಟ ಆಗುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ. ಹಣ ಕೊಟ್ಟವರ ಹೆಸರಿಗೆ ಅಲ್ಲಿ ಬೇರೆ ಸಾಲು ಇಲ್ಲ.

ಅಮ್ಮನ ಕೈಯಲ್ಲಿ ಇರಬೇಕಾದದ್ದು ಹಣ ಅಲ್ಲ, ಪುರಾವೆ. ಮೊದಲು ಪಿಎಫ್ ನೋಡಿ. ಯುಎಎನ್ (ಪಿಎಫ್ ಖಾತೆಯ ಗುರುತು) ನಂಬರ್ ಇದ್ದರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಸಿಗುತ್ತದೆ. ಸಂಬಳದಿಂದ ಶೇ 12 ಹಿಡಿದಿದ್ದರೆ ಅಷ್ಟೇ ಹಣ ಗುತ್ತಿಗೆದಾರನೂ ಹಾಕಿರಬೇಕು. ಅವನು ಕಟ್ಟದಿದ್ದರೆ ಕೆಲಸ ಕೊಟ್ಟ ಪಟ್ಟಣ ಸಂಸ್ಥೆಯೇ ಹೊಣೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಇದೆಯಾ? ಮಳೆಗಾಲದಲ್ಲಿ ರೈನ್‌ಕೋಟ್, ಗಮ್‌ಬೂಟ್ ಕೊಟ್ಟಾಗ ಸಹಿ ಹಾಕಿಸಿಕೊಂಡ ಪುಸ್ತಕ ಇರುತ್ತದೆ, ಅದೂ ಪುರಾವೆ. ಹಾಜರಾತಿ ಪುಸ್ತಕದ ನಕಲು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ನನಗೆ ಚಿಂತೆ ಆ ಎರಡು ಜನವರಿಯದ್ದು. "ಕೆಲಸ ಬಿಟ್ಟು ಹೋಗಿದ್ದರು" ಅಂತ ಬರೆದಿದ್ದರೆ 9 ವರ್ಷದ ಲೆಕ್ಕ ಮಧ್ಯದಲ್ಲೇ ಕಡಿದುಹೋಗುತ್ತದೆ. ರಜೆ ಅಂತ ಬರೆದಿದ್ದರೆ ವಾದಿಸಬಹುದು. ಮೊದಲು ಅದನ್ನು ನೋಡಿ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬಂದು ಗುಡಿಸುವ ತುಂಬಾ ಹೆಂಗಸರಿಗೆ ಇದೇ ಕಥೆ. ಕುಯ್ಲಿನ ಕೂಲಿ ಜಾಸ್ತಿ ಸಿಗುತ್ತದೆ, ಹೋಗುತ್ತಾರೆ. ತಪ್ಪು ಅಲ್ಲ. ಆದರೆ ಹೋಗುವ ಮೊದಲು ರಜೆ ಚೀಟಿ ಬರೆಯಿರಿ ಅಂತ ಅವರಿಗೆ ಯಾರೂ ಹೇಳಿಕೊಡುವುದಿಲ್ಲ.

ಮಡಿಕೇರಿ ಅಣ್ಣ: "ಮಡಿಕೇರಿ ನಗರಸಭೆ ನೇರ ನೇಮಕಾತಿ, ಪರೀಕ್ಷೆ ಇಲ್ಲ, 500 ರೂ. ನೋಂದಣಿ, ಇಂದೇ ಕೊನೇ ದಿನ." ಫ್ಯಾಮಿಲಿ ಗ್ರೂಪಿನಲ್ಲಿ ಬಂತು. ನಿಜನಾ?

ಮೇಡಂ: ಸುಳ್ಳು. ಸರ್ಕಾರಿ ಶುಲ್ಕವನ್ನು ಯಾರದ್ದೋ ಫೋನ್ ಪೇ ನಂಬರಿಗೆ ಹಾಕಿಸಿಕೊಳ್ಳುವುದಿಲ್ಲ. ಹಣ ಹಾಕಿದ್ದರೆ ಈಗಲೇ 1930ಕ್ಕೆ (ಸೈಬರ್ ವಂಚನೆ ಸಹಾಯವಾಣಿ) ಫೋನ್ ಮಾಡಿ. ಇಂಥದ್ದು ಇಲ್ಲಿ ಹಾಕಬೇಡಿ ಅಂತ ಕಳೆದ ವಾರವೂ ಕೇಳಿಕೊಂಡಿದ್ದೆ. ಓದಿದ ಹತ್ತು ಜನರಲ್ಲಿ ಒಬ್ಬರಾದರೂ 500 ಕಳಿಸುತ್ತಾರೆ.

ವಿರಾಜಪೇಟೆ: ಏನು ಅರ್ಜಿ ಹಾಕಿದರೂ ಕೆಲಸ ಹೊರಗಿನವರಿಗೇ. ಕೊಡಗಿನವರಿಗೆ ಏನಿದೆ?

ಗೋಣಿಕೊಪ್ಪ: ನಮ್ಮವರು ಕಸದ ಗಾಡಿ ಹತ್ತುತ್ತಾರಾ ಹೇಳಿ. ಬೆಂಗಳೂರಿಗೆ ಹೋಗುತ್ತಾರೆ, ಊರಲ್ಲಿ ಕೆಲಸ ಇಲ್ಲ ಅಂತಾರೆ.

ವಿರಾಜಪೇಟೆ: ಡಿಗ್ರಿ ಮಾಡಿದವರಿಗೆ ಕಸದ ಗಾಡಿ ತೋರಿಸುತ್ತೀರಾ?

ಗೋಣಿಕೊಪ್ಪ: ಗುಡಿಸುವ ಅಮ್ಮನ ಮಗಳು ಇಲ್ಲೇ ಓದುತ್ತಿದ್ದಾಳೆ. ನೋಡಿ ಮಾತಾಡಿ.

ವಿರಾಜಪೇಟೆ: ನನಗೆ ಬುದ್ಧಿ ಹೇಳಬೇಡಿ. ನಿಮ್ಮ ಮಗ ಎಲ್ಲಿದ್ದಾನೆ?

ಕುಶಾಲನಗರ ಹುಡುಗ: ಸಿವಿಲ್ ಬಿಇ ಮುಗಿಯಿತು ಮೇಡಂ. ನಗರಸಭೆಯಲ್ಲಿ ಇಂಟರ್ನ್‌ಶಿಪ್ ಇದೆಯಾ?

ಮೇಡಂ: ಕೇಂದ್ರ ಸರ್ಕಾರ 2020ರಲ್ಲಿ ಟ್ಯುಲಿಪ್ ಅಂತ ಪಟ್ಟಣ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಯೋಜನೆ ತಂದಿತು. ಎಂಟು ವಾರದಿಂದ ಒಂದು ವರ್ಷ. ಫಲಿತಾಂಶ ಬಂದು 18 ತಿಂಗಳ ಒಳಗೆ ಅರ್ಜಿ ಹಾಕಬೇಕು. ಸ್ಟೈಪೆಂಡ್ ಕೊಡಲೇಬೇಕು ಅಂತ ಇಲ್ಲ, ಮೊದಲೇ ಕೇಳಿಕೊಳ್ಳಿ.

ಸುಂಟಿಕೊಪ್ಪ: ತಮ್ಮನಿಗೆ ಕಾಲು ಸ್ವಾಧೀನ ಇಲ್ಲ. ಎಸ್ಎಸ್ಎಲ್‌ಸಿ ಆಗಿದೆ. ಅವನಿಗೆ ಏನಾದರೂ ತರಬೇತಿ?

ಗೋಣಿಕೊಪ್ಪ: ನನ್ನ ಮಗನ ಸುದ್ದಿ ನಿಮಗೆ ಯಾಕೆ?

ಸೋಮವಾರಪೇಟೆ: ಅರ್ಜಿ ಎಲ್ಲಿ ಅಂತ ಯಾರಾದರೂ ಹೇಳಿ.

ಮೇಡಂ: ವಿರಾಜಪೇಟೆ, ಗೋಣಿಕೊಪ್ಪ, ಇಬ್ಬರೂ ನಿಲ್ಲಿಸಿ. ನಿಮ್ಮ ಜಗಳದಲ್ಲಿ ಕೆಲಸ ಬೇಕಾದವರ ಪ್ರಶ್ನೆ ಮೇಲೆ ಹೋಗಿ ಕಾಣುತ್ತಲೇ ಇಲ್ಲ.

ಒಬ್ಬ ಮಗಳು: ಮೇಡಂ, ಪಾಸ್‌ಬುಕ್ ತೆಗೆದೆ. 9 ವರ್ಷದಲ್ಲಿ 3 ವರ್ಷದ ಹಣ ಮಾತ್ರ ಇದೆ. ಅಮ್ಮ ಅಳುತ್ತಿದ್ದಾರೆ.

ಮೇಡಂ: ಅಳಬೇಡಿ ಅಂತ ಹೇಳಿ. ಆ 3 ವರ್ಷ ಗಟ್ಟಿ ಪುರಾವೆ. ಪ್ರಿಂಟ್ ತೆಗೆದಿಡಿ. ಉಳಿದ 6 ವರ್ಷಕ್ಕೆ ಪಿಎಫ್ ಕಚೇರಿಗೆ ದೂರು ಬರೆಯೋಣ. ಅಮ್ಮನ ಜೊತೆ ಗುಡಿಸುವವರು ಎಷ್ಟು ಜನ? ಅವರ ಪಾಸ್‌ಬುಕ್ಕೂ ನೋಡಿ, ಎಲ್ಲರೂ ಸೇರಿ ಸಹಿ ಹಾಕಿದರೆ ಒಳ್ಳೆಯದು. ಇವತ್ತು ರಾತ್ರಿ ನನಗೆ ಬೇರೆಯಾಗಿ ಮೆಸೇಜ್ ಮಾಡಿ.