ಪದಚರ್ಚೆ: ‘ಗೆದ್ದಾನು’ ಮತ್ತು ‘ಗೆಲ್ಲಬಹುದು’ ಒಂದೇನಾ? ಡ್ರಾಫ್ಟ್‌ಗೆ ಮುಂಚಿನ ಕ್ವಾರ್ಟರ್‌ಬ್ಯಾಕ್ ಹೋಲಿಕೆಗೆ ಯಾವುದು ಸರಿ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಸಂಭಾವನಾರ್ಥಕ ಕ್ರಿಯಾಪದದ ಬಗ್ಗೆ. ಸ್ಕೂಲಲ್ಲಿ ‘ಮಳೆ ಬಂದೀತು’, ‘ಅವನು ಬಂದಾನು’ ಅಂತ ಉದಾಹರಣೆ ಕೊಟ್ಟು ಕಲಿಸ್ತಿದ್ರಲ್ಲ, ಅದು. ಇದಕ್ಕೂ ‘ಬರಬಹುದು’ ಅನ್ನೋದಕ್ಕೂ ಅರ್ಥದಲ್ಲಿ ವ್ಯತ್ಯಾಸ ಇದೆ ಅಂತ ನನ್ನ ಕಿವಿ ಹೇಳ್ತಿದೆ, ಆದ್ರೆ ಆ ವ್ಯತ್ಯಾಸ ನಿಮ್ಮೆಲ್ಲರ ಕಿವಿಗೂ ಕೇಳ್ಸುತ್ತಾ, ಯಾವ ಕಡೆ ಇನ್ನೂ ಮಾತಲ್ಲಿ ಉಳಿದಿದೆ ಅನ್ನೋದು ಗೊತ್ತಾಗ್ಬೇಕು.

ಇದು ಹುಟ್ಟಿದ್ದು ಅಮೆರಿಕನ್ ಫುಟ್‌ಬಾಲ್‌ನಿಂದ. ಇಲ್ಲಿ ಅಮೆರಿಕದಲ್ಲಿರೋ ಕನ್ನಡದ ಗೆಳೆಯರು ಕೆಲವರು ಎನ್‌ಎಫ್‌ಎಲ್ (ಆ ಆಟದ ವೃತ್ತಿಪರ ಲೀಗು) ತುಂಬಾ ಹಚ್ಕೊಂಡು ನೋಡ್ತೀವಿ, ಅವರಿಗೋಸ್ಕರ ಡ್ರಾಫ್ಟ್ ಬಗ್ಗೆ ಕನ್ನಡದಲ್ಲೇ ಒಂದು ಬರಹ ಬರೀತಿದೀನಿ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕ್ವಾರ್ಟರ್‌ಬ್ಯಾಕ್ ಅಂದ್ರೆ ತಂಡದ ಪರವಾಗಿ ಚೆಂಡು ಎಸೆಯೋನು, ಎದುರಿನವರು ಮೈಮೇಲೆ ಬೀಳೋದ್ರೊಳಗೆ ಯಾರಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಮಾಡೋನು. ಪ್ರತಿ ವರ್ಷ ಏಪ್ರಿಲ್ ಕೊನೇಲಿ 32 ತಂಡಗಳು ಕಾಲೇಜು ತಂಡಗಳಿಂದ ಬರೋ ಹುಡುಗರನ್ನ ಏಳು ಸುತ್ತಲ್ಲಿ ಸರದಿ ಪ್ರಕಾರ ಆರಿಸ್ಕೊಳ್ತಾವೆ, ಇದೇ ಡ್ರಾಫ್ಟ್, ಹಿಂದಿನ ಸೀಸನ್‌ನಲ್ಲಿ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಬೇಕಿದ್ರೆ ತಂಡಗಳು ಸರದೀನ ತಮ್ಮತಮ್ಮಲ್ಲೇ ಅದಲು ಬದಲು ಮಾಡ್ಕೊಬಹುದು. ಇದನ್ನ ದಯವಿಟ್ಟು ಯಾರೂ ‘ಹರಾಜು’ ಅನ್ಬೇಡಿ. ಐಪಿಎಲ್ ಬಂದ್ಮೇಲೆ ಪೇಪರಲ್ಲಿ ‘ಬಿಕರಿಯಾದರು’, ‘ಬಿಕರಿಯಾಗದೆ ಉಳಿದರು’ ಅಂತೆಲ್ಲ ಮನುಷ್ಯರ ಬಗ್ಗೆ ಬರೆಯೋದು ರೂಢಿ ಆಗೋಗಿದೆ, ಅದು ಅಲ್ಲೇ ನನಗೆ ಕಷ್ಟ ಆಗುತ್ತೆ, ಇಲ್ಲಂತೂ ಯಾರೂ ಕೂಗಿ ಬೆಲೆ ಏರಿಸೋದೇ ಇಲ್ಲ, 2011ರ ಒಪ್ಪಂದ ಆದ್ಮೇಲೆ ಎಷ್ಟನೇ ಆಯ್ಕೆಗೆ ಎಷ್ಟು ದುಡ್ಡು ಅನ್ನೋದು ಹೆಚ್ಚುಕಮ್ಮಿ ಮೊದಲೇ ಗೊತ್ತು. ಆಯ್ಕೆ ಅಂದ್ರೆ ಸಾಕು.

ಈಗ ವಿಷಯಕ್ಕೆ ಬರ್ತೀನಿ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರ ಎತ್ತರ, ತೂಕ, ಅಂಗೈ ಅಗಲ, 40 ಗಜ ಓಡೋಕೆ ಎಷ್ಟು ಸೆಕೆಂಡು ಎಲ್ಲಾ ಅಳೀತಾರೆ. ಆ ವಾಕ್ಯಗಳನ್ನ ಕನ್ನಡದಲ್ಲಿ ಬರೆಯೋಕೆ ತೊಂದರೆಯೇ ಇಲ್ಲ, ‘ಇದೆ’, ‘ಇದ್ದಾನೆ’, ‘ಓಡಿದ’ ಅಂದ್ರೆ ಮುಗೀತು. ಆದ್ರೆ ಅಳೆಯೋಕೆ ಬರೋದು ಅಷ್ಟೇ. ಉಳಿದ ಮಾತೆಲ್ಲ ಊಹೆ, ಈ ಹುಡುಗ ಮುಂದೆ ಏನಾಗ್ತಾನೆ ಅನ್ನೋದು. ಇಂಗ್ಲಿಷ್‌ನಲ್ಲಿ ಸ್ಕೌಟ್‌ಗಳು (ತಂಡಗಳಿಗೋಸ್ಕರ ಆಟಗಾರರನ್ನ ಹುಡುಕಿ ಅಳೆಯೋರು) ಇದಕ್ಕೆ ಸೀಲಿಂಗು, ಫ್ಲೋರು ಅಂತ ನಾಮಪದಗಳ ರಾಶಿ ಇಟ್ಕೊಂಡಿದಾರೆ, ಅದನ್ನ ಹಾಗೇ ಕನ್ನಡಕ್ಕೆ ತಂದ್ರೆ ‘ಗರಿಷ್ಠ ಮಿತಿ’, ‘ಕನಿಷ್ಠ ಮಿತಿ’ ಅಂತ ಬ್ಯಾಂಕಿನ ಸುತ್ತೋಲೆ ತರ ಕೇಳುತ್ತೆ. ನಮಗೆ ಅದು ಬೇಕಾಗಿಲ್ಲ, ಕ್ರಿಯಾಪದದಲ್ಲೇ ಇದೆ: ಏರಿದರೆ ಎಲ್ಲಿಗೆ ಏರಿಯಾನು, ಬಿದ್ದರೆ ಎಲ್ಲಿಗೆ ಬಿದ್ದಾನು.

ಉದಾಹರಣೆಗೆ 2018ರ ಡ್ರಾಫ್ಟನ್ನೇ ತಗೊಳ್ಳೋಣ, ಯಾಕಂದ್ರೆ ಅವತ್ತಿನ ಊಹೆಗಳು ಏನಾದ್ವು ಅಂತ ಈಗ ಎಲ್ಲರಿಗೂ ಗೊತ್ತಿದೆ. ಮೊದಲ ಸುತ್ತಲ್ಲೇ ಐದು ಕ್ವಾರ್ಟರ್‌ಬ್ಯಾಕ್‌ಗಳು (ಪ್ರತಿ ಹೆಸರಿನ ಹಿಂದೆ ಇರೋದು ಅವರವರ ಕಾಲೇಜು). ಹಿಂದಿನ ಸೀಸನ್‌ನಲ್ಲಿ ಆಡಿದ 16 ಪಂದ್ಯನೂ ಸೋತಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮೊದಲನೇ ಆಯ್ಕೆಯಾಗಿ ಓಕ್ಲಹೋಮಾದ ಬೇಕರ್ ಮೇಫೀಲ್ಡ್‌ನ ತಗೊಂಡ್ರು, ಮೂರನೇದಾಗಿ ಯುಎಸ್‌ಸಿಯ ಸ್ಯಾಮ್ ಡಾರ್ನಾಲ್ಡ್ ನ್ಯೂಯಾರ್ಕ್ ಜೆಟ್ಸ್‌ಗೆ, ಏಳನೇದಾಗಿ ವಯೋಮಿಂಗ್‌ನ ಜಾಶ್ ಆಲೆನ್ ಬಫಲೋ ಬಿಲ್ಸ್‌ಗೆ, ಹತ್ತನೇದಾಗಿ ಯುಸಿಎಲ್‌ಎಯ ಜಾಶ್ ರೋಸೆನ್ ಅರಿಜೋನಾ ಕಾರ್ಡಿನಲ್ಸ್‌ಗೆ, ಕೊನೆಗೆ ಸುತ್ತಿನ ಕಟ್ಟಕಡೆಯ 32ನೇ ಆಯ್ಕೆಯಾಗಿ ಲೂಯಿವಿಲ್‌ನ ಲಮಾರ್ ಜಾಕ್ಸನ್ ಬಾಲ್ಟಿಮೋರ್ ರೇವೆನ್ಸ್‌ಗೆ.

ಈ ಐವರ ಬಗ್ಗೆ ಅವತ್ತಿನ ಮಾತನ್ನ ಕನ್ನಡದಲ್ಲಿ ಬರೀತಾ ಹೋದಾಗ ‘-ಆನು’ ರೂಪ ಮೂರು ಬೇರೆ ಬೇರೆ ಕೆಲಸ ಮಾಡೋದು ನನಗೆ ಕಾಣಿಸ್ತು.

ಒಂದು ಕಸುವು. ‘ಅವನು ಇನ್ನೂ ನಾಲ್ಕು ಮುದ್ದೆ ಉಂಡಾನು’, ‘ಎರಡು ಮೂಟೆ ಒಟ್ಟಿಗೆ ಹೊತ್ತಾನು’ ಅಂತೀವಲ್ಲ, ಅಲ್ಲಿ ಸಂಶಯ ಇಲ್ಲ, ಅವನ ಮೈಯಲ್ಲಿ ಅಷ್ಟು ತಾಕತ್ತಿದೆ ಅಂತ ಅರ್ಥ. ಆಲೆನ್ ಬಗ್ಗೆ ಎಲ್ಲರೂ ಒಪ್ಪಿದ ಮಾತು ಇದೇ ಜಾತಿಯದು: ‘ನಿಂತಲ್ಲಿಂದ ಅರವತ್ತು ಗಜ ಎಸೆದಾನು.’ ಇಲ್ಲಿ ‘ಎಸೆಯಬಹುದು’ ಅಂತ ಬರೆದು ನೋಡಿ, ಯಾರೋ ಅವನಿಗೆ ಅಪ್ಪಣೆ ಕೊಟ್ಟ ಹಾಗೋ, ಇಲ್ಲಾ ಎಸೆದ್ರೂ ಎಸೆದ ಅನ್ನೋ ಹಾಗೋ ಆಗುತ್ತೆ, ತೋಳಿನ ಬಲ ಮಾತಿಂದ ಹೊರಟುಹೋಗುತ್ತೆ.

ಎರಡನೇದು ಭಯ. ‘ನೋಡ್ಕೊಂಡು ಇಳಿ, ಬಿದ್ದೀಯ’, ‘ಮಗು ಕೈಗೆ ಕೊಡ್ಬೇಡ, ಒಡೆದೀತು’ ಅನ್ನೋ ಬಳಕೆ. ಲಮಾರ್ ಜಾಕ್ಸನ್ ಬಗ್ಗೆ ಇದೇ ದನಿಯ ಮಾತು ತುಂಬಾ ಇತ್ತು, ಚೆಂಡು ಹಿಡ್ಕೊಂಡು ತಾನೇ ಓಡ್ತಾನೆ, ಮೈ ತೆಳು, ದೊಡ್ಡ ದೊಡ್ಡ ಆಳುಗಳು ಗುದ್ದಿದ್ರೆ ‘ಕಾಲು ಮುರ್ಕೊಂಡಾನು’. ‘ಮುರ್ಕೊಬಹುದು’ ಅಂದ್ರೆ ಬರೀ ಮಾಹಿತಿ, ‘ಮುರ್ಕೊಂಡಾನು’ ಅಂದ್ರೆ ಹೇಳೋನಿಗೆ ಆತಂಕ ಇದೆ, ತಡೀಬೇಕು ಅಂತ ಮನಸ್ಸಿದೆ.

ಮೂರನೇದು ಪ್ರಶ್ನೆ ಆದಾಗ ಬರೋ ನಿರಾಕರಣೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ‘ಹೇಗೆ ಗೆದ್ದಾನು?’ ಅಂದ್ರೆ ಉತ್ತರ ಕೇಳ್ತಿಲ್ಲ, ಗೆಲ್ಲಲ್ಲ ಅಂತಾನೇ ಹೇಳ್ತಿರೋದು. ‘ಹೇಗೆ ಗೆಲ್ಲಬಹುದು?’ ಅಂದ್ರೆ ನಿಜವಾದ ಪ್ರಶ್ನೆ, ದಾರಿ ಹುಡುಕೋದು. ನಮ್ಮ ಗಾದೆಗಳು ಇದನ್ನ ಚೆನ್ನಾಗಿ ಬಳಸ್ತಾವೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆಲೆನ್ ಮೇಲೆ ಇದ್ದ ಆಕ್ಷೇಪ ಅಕ್ಷರಶಃ ಈ ಗಾದೆನೇ. ವಯೋಮಿಂಗ್‌ನಲ್ಲಿ ಅವನು ಎಸೆದ ಚೆಂಡಲ್ಲಿ ತನ್ನ ಕಡೆಯೋರು ಹಿಡಿದದ್ದು ನೂರಕ್ಕೆ 56ರಷ್ಟು, ಅದೇ ಮೇಫೀಲ್ಡ್‌ಗೆ 2017ರಲ್ಲಿ 70ಕ್ಕೂ ಮೇಲೆ. ಲಾರಮಿಯಲ್ಲಿರೋ ವಯೋಮಿಂಗ್ ತಂಡದ ಮೈದಾನ ಸಮುದ್ರಮಟ್ಟದಿಂದ 7,220 ಅಡಿ ಮೇಲಿದೆ, ಗಾಳಿ ಜೋರು, ಜೊತೆ ಆಟಗಾರರು ಅಷ್ಟಕ್ಕಷ್ಟೆ ಅಂತ ಅವನ ಪರ ಇದ್ದವರು ಹೇಳಿದ್ರು, ಉಳಿದವರು ಗುರಿ ಅನ್ನೋದು ಕಲಿಸಿ ಬರೋದಲ್ಲ, ಕಾಲೇಜಲ್ಲಿ ಇಲ್ಲದ ಗುರಿ ಎನ್‌ಎಫ್‌ಎಲ್‌ನಲ್ಲಿ ಎಲ್ಲಿಂದ ಬಂದೀತು ಅಂದ್ರು. 2018ರಲ್ಲಿ ಬಿಲ್ಸ್‌ಗೆ ಆಡಿದಾಗ ಆ ಲೆಕ್ಕ ಇನ್ನೂ ಇಳಿದು 52.8 ಆಯ್ತು. 2020ಕ್ಕೆ 69.2. ಕಾಲಿಡೋ ರೀತಿ, ತೋಳು ಬೀಸೋ ರೀತಿ ಎಲ್ಲಾ ಹೊಸದಾಗಿ ತಿದ್ದಿಸ್ಕೊಂಡು ಬಂದ ಹುಡುಗ 2024ರ ಸೀಸನ್‌ಗೆ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ, ಆದ. ಮರವಾದ ಮೇಲೂ ಬಗ್ಗಿತು.

ಅದಕ್ಕೇ ಇಂಥವರ ಬಗ್ಗೆ ಇಂಗ್ಲಿಷ್‌ನವರು ಹೇಳೋ ‘ರಾ’ ಅನ್ನೋದಕ್ಕೆ ‘ಕಚ್ಚಾ’ ಅಂತ ಹಾಕೋದು ನನಗೆ ಹಿಡಿಸ್ಲಿಲ್ಲ, ಕಚ್ಚಾ ಅಂದ್ರೆ ಎಣ್ಣೆ, ಸಾಮಗ್ರಿ ನೆನಪಾಗುತ್ತೆ. ‘ಪಳಗಿದ ಕೈ’ ಅನ್ನೋ ಮಾತು ನಮ್ಮಲ್ಲಿ ಇದ್ದೇ ಇದೆ. ‘ಇನ್ನೂ ಪಳಗಿಲ್ಲ’ ಅಂದ್ರೆ ಮುಂದೆ ಪಳಗಿಯಾನು ಅನ್ನೋದು ‘ಇನ್ನೂ’ ಅನ್ನೋ ಪದದಲ್ಲೇ ಸೇರ್ಕೊಂಡಿರುತ್ತೆ.

ಐವರಲ್ಲಿ ಕೈ ಪಳಗಿದೋನು ಅಂತ ಹೆಸರಾಗಿದ್ದು ರೋಸೆನ್. ನೋಡೋಕೆ ಎಸೆತ ಅಷ್ಟು ಚೆಂದ. ಬೆಳೆಯುವ ಸಿರಿ ಮೊಳಕೆಯಲ್ಲೇ ಅನ್ನೋದು ಅವನಿಗೆ ಸರಿಹೊಂದ್ಬೇಕಿತ್ತು, ಆದ್ರೆ ಕಾರ್ಡಿನಲ್ಸ್‌ನಲ್ಲಿ ಮೊದಲ ವರ್ಷ 11 ಟಚ್‌ಡೌನ್ (ಅಂಕ ತರೋ ಎಸೆತ), 14 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ), ಮರುವರ್ಷ ಅದೇ ತಂಡ ಮೊದಲನೇ ಆಯ್ಕೆಯಾಗಿ ಕೈಲರ್ ಮರ್ರೀನ ತಗೊಂಡು ಇವನನ್ನ ಮಯಾಮಿಗೆ ಕಳಿಸಿಬಿಡ್ತು. ಅವನ ಹಿಂದೆ ಇದ್ದ ತಂಡ ತುಂಬಾ ದುರ್ಬಲವಾಗಿತ್ತು, ಒಬ್ಬನಿಗೆ ಒಂದೇ ವರ್ಷ ಕೊಟ್ಟು ಕೈಬಿಟ್ಟದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಡಾರ್ನಾಲ್ಡ್‌ಗೂ ಜೆಟ್ಸ್‌ನಲ್ಲಿ ಮೂರು ವರ್ಷ ಏನೂ ಕೂಡಿಬರಲಿಲ್ಲ, ತಂಡದಿಂದ ತಂಡಕ್ಕೆ ಅಲೆದು 2024ರಲ್ಲಿ ಮಿನ್ನೆಸೋಟಾ ವೈಕಿಂಗ್ಸ್ ಜೊತೆ 14 ಪಂದ್ಯ ಗೆದ್ದ.

ಇಲ್ಲಿ ಇನ್ನೊಂದು ಗಮನಿಸಿ. ‘ಬಹುದು’ ಯಾರಿಗೂ ಬದಲಾಗಲ್ಲ, ನಾನು, ನೀನು, ಅವನು, ಅದು ಎಲ್ಲಕ್ಕೂ ಒಂದೇ. ‘ಮೇಫೀಲ್ಡ್‌ನ ತಗೊಂಡ್ರೆ ಗೆಲ್ಲಬಹುದು’ ಅಂದ್ರೆ ಗೆಲ್ಲೋದು ಯಾರು, ಅವನಾ, ಬ್ರೌನ್ಸಾ? ‘ಗೆದ್ದಾನು’ ಅಂದ್ರೆ ಅವನು, ‘ಗೆದ್ದೀತು’ ಅಂದ್ರೆ ತಂಡ. ಡ್ರಾಫ್ಟ್ ಮಾತಲ್ಲಿ ಈ ವ್ಯತ್ಯಾಸ ಬೇಕೇ ಬೇಕು, ಯಾಕಂದ್ರೆ ಎರಡೂ ಯಾವಾಗ್ಲೂ ಒಟ್ಟಿಗೆ ಆಗಲ್ಲ. 2020ರ ಸೀಸನ್‌ನಲ್ಲಿ ಮೇಫೀಲ್ಡ್ ಇದ್ದ ಬ್ರೌನ್ಸ್ ಪ್ಲೇಆಫ್ ಪಂದ್ಯ ಗೆದ್ದಿತು, 2022ರಲ್ಲಿ ಅದೇ ತಂಡ ಅವನನ್ನ ಕ್ಯಾರೊಲೈನಾಗೆ ಬಿಟ್ಟುಕೊಡ್ತು, ಅವನು ನೆಲೆ ಕಂಡಿದ್ದು ಆಮೇಲೆ ಟ್ಯಾಂಪಾ ಬೇನಲ್ಲಿ.

ಲಮಾರ್ ಜಾಕ್ಸನ್ ವಿಷಯ ಬೇಕೂಂತಲೇ ಕೊನೆಗಿಟ್ಟೆ. 2016ರಲ್ಲಿ ಕಾಲೇಜು ಆಟದ ಅತಿ ದೊಡ್ಡ ಗೌರವ ಹೈಸ್‌ಮನ್ ಟ್ರೋಫಿ ಗೆದ್ದ ಕ್ವಾರ್ಟರ್‌ಬ್ಯಾಕ್ ಅವನು. ಅಂಥವನ ಬಗ್ಗೆ ಡ್ರಾಫ್ಟ್‌ಗೆ ಮುಂಚೆ ನಡೆದ ಚರ್ಚೆ, ಇವನು ಎಸೆಯೋದು ಬಿಟ್ಟು ಚೆಂಡು ಹಿಡಿಯೋ ರಿಸೀವರ್ ಆಗಬೇಕು ಅಂತ. ಹಾಗಂದವರಲ್ಲಿ ಹಿಂದೆ ಎನ್‌ಎಫ್‌ಎಲ್ ತಂಡಗಳಿಗೆ ಆಟಗಾರರನ್ನ ಆರಿಸ್ತಿದ್ದ ಬಿಲ್ ಪೋಲಿಯನ್ ಒಬ್ಬರು. 1998ರಲ್ಲಿ ಪೇಟನ್ ಮ್ಯಾನಿಂಗ್, ರಯನ್ ಲೀಫ್ ಅನ್ನೋ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಅಂತ ಇಡೀ ದೇಶ ವಾದ ಮಾಡ್ತಿದ್ದಾಗ ಕೋಲ್ಟ್ಸ್ ತಂಡಕ್ಕೆ ಮ್ಯಾನಿಂಗ್‌ನ ಆರಿಸಿ ಸರಿಯಾದ ತೀರ್ಮಾನ ಮಾಡಿದ್ದವರು ಅವರೇ, ಸಣ್ಣಪುಟ್ಟ ಜನ ಅಲ್ಲ. ಕಪ್ಪು ಜನಾಂಗದ ಕ್ವಾರ್ಟರ್‌ಬ್ಯಾಕ್‌ಗಳಿಗೆ ‘ಒಳ್ಳೆ ಓಟಗಾರ’ ಅಂತ ಹೊಗಳಿ ಬೇರೆ ಜಾಗಕ್ಕೆ ತಳ್ಳೋದು ಈ ಆಟದಲ್ಲಿ ದಶಕಗಳ ಹಳೇ ಚಾಳಿ, ಅದಕ್ಕೇ ಆ ಮಾತು ಅಷ್ಟು ನೋವು ಕೊಡ್ತು. ಜಾಕ್ಸನ್ ರಿಸೀವರ್ ಆಗಿ ಪರೀಕ್ಷೆಗೆ ನಿಲ್ಲಲ್ಲ ಅಂದ, ಇಂಡಿಯಾನಾಪೊಲಿಸ್‌ನಲ್ಲಿ 40 ಗಜದ ಓಟವನ್ನೂ ಓಡ್ಲಿಲ್ಲ. 2019ರಲ್ಲಿ 36 ಟಚ್‌ಡೌನ್ ಎಸೆದು ಲೀಗಿಗೇ ಮೊದಲಿಗ, ಓಡಿ 1,206 ಗಜ, ಎಲ್ಲಾ ಮತಗಳೂ ಅವನಿಗೇ ಬಿದ್ದು ಎಂವಿಪಿ. 2023ರಲ್ಲಿ ಮತ್ತೆ.

ಅವತ್ತಿನ ಮಾತನ್ನ ಕನ್ನಡದಲ್ಲಿ ಹಾಕಿದ್ರೆ ಅದು ‘ಓಡಿಯಾನು, ಎಸೆದಾನೇ?’ ಅಂತ ಆಗುತ್ತೆ. ಒಂದೇ ಕ್ರಿಯಾರೂಪ, ಮೊದಲನೇದು ಒಪ್ಪಿಗೆ, ಎರಡನೇದು ಒಂದು ‘ಏ’ ಸೇರಿದ್ದಕ್ಕೇ ಪೂರ್ತಿ ತಿರಸ್ಕಾರ. ಇದನ್ನ ‘ಓಡಬಹುದು, ಆದರೆ ಎಸೆಯುವ ಸಾಧ್ಯತೆ ಕಡಿಮೆ’ ಅಂತ ಪೇಪರ್ ಕನ್ನಡದಲ್ಲಿ ಬರೆದ್ರೆ ಆ ತಿರಸ್ಕಾರ ಯಾರಿಗೂ ತಟ್ಟಲ್ಲ, ಏನೋ ಹವಾಮಾನ ವರದಿ ತರ ಹೋಗಿಬಿಡುತ್ತೆ. ಆ ಹುಡುಗನಿಗೆ ಏನಂದ್ರು ಅನ್ನೋದು ಓದೋರಿಗೆ ತಟ್ಬೇಕು ಅನ್ನೋದು ನನ್ನ ಆಸೆ.

ಆದ್ರೆ ತೊಡಕು ಇದೆ. ಬರವಣಿಗೆಯಲ್ಲಿ ‘ಗೆದ್ದನು’ ಅಂದ್ರೆ ಆಗಿಹೋದದ್ದು, ‘ಗೆದ್ದಾನು’ ಅಂದ್ರೆ ಇನ್ನೂ ಆಗ್ಬೇಕಾದ್ದು, ಮಧ್ಯೆ ಇರೋದು ಒಂದು ದೀರ್ಘ ಅಷ್ಟೇ. ಧಾರವಾಡದ ಕಡೆ ‘ಅಂವ ಗೆದ್ದಾನ’ ಅಂದ್ರೆ ಗೆದ್ದಾಗಿದೆ ಅಂತ. ನಮ್ಮ ಗೆಳೆಯರಲ್ಲಿ ಹುಬ್ಬಳ್ಳಿಯವರೂ ಇದಾರೆ, ಮಂಡ್ಯದವರೂ ಇದಾರೆ, ‘ಈ ಹುಡುಗ ಗೆದ್ದಾನು’ ಅಂತ ನಾನು ಬರೆದದ್ದನ್ನ ಒಬ್ಬರು ಜೋರಾಗಿ ಓದಿದ್ರೆ ಇನ್ನೊಬ್ಬರಿಗೆ ಹೇಗೆ ಕೇಳೀತು? ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಂತೂ ‘ಬಹುದು’ ಬಿಟ್ಟು ಬೇರೆ ರೂಪ ಕಿವಿಗೆ ಬಿದ್ದಿರೋದೇ ಕಮ್ಮಿ.

ಹಾಗಾಗಿ ಕೇಳೋದು ಇಷ್ಟು. ಉತ್ತರ ಕರ್ನಾಟಕದವರು, ಊಹೆಗೆ ನೀವು ಮಾತಲ್ಲಿ ಏನಂತೀರಿ, ‘ಗೆದ್ದಾನು’ ಅಂತ ಕೊನೆಯ ‘ಉ’ ಬಿಡದೆ ಹೇಳ್ತೀರಾ, ಇಲ್ಲಾ ‘ಗೆಲ್ಲಬಹುದು’ ಅಂತಲೇ ಮುಗಿಸ್ತೀರಾ? ಕರಾವಳಿ, ಮಲೆನಾಡಿನವರ ಮಾತಲ್ಲಿ ಕಸುವಿನ ಅರ್ಥ (‘ಹೊತ್ತಾನು’, ‘ಎಸೆದಾನು’) ಇನ್ನೂ ಇದೆಯಾ, ಇಲ್ಲಾ ಭಯದ ಅರ್ಥ ಒಂದೇ ಉಳಿದಿದೆಯಾ? ನನ್ನ ಮಟ್ಟಿಗೆ ಭಯದ ಬಳಕೆ ಗಟ್ಟಿಯಾಗಿ ಉಳಿದಿದೆ, ಹೊಗಳಿಕೆಯ ಬಳಕೆ ಕರಗ್ತಾ ಇದೆ ಅನ್ಸುತ್ತೆ. ಮತ್ತೆ ವ್ಯಾಕರಣ ಬಲ್ಲವರು, ‘ಎಸೆದಾನೇ’ ಅನ್ನೋದ್ರಲ್ಲಿ ನಿರಾಕರಣೆ ಬರೋದು ಬರೀ ‘ಏ’ಯಿಂದಲೋ, ಸಂಭಾವನಾರ್ಥಕದ ಜೊತೆ ಸೇರಿದಾಗ ಮಾತ್ರವೋ ತಿಳಿಸಿ, ‘ಎಸೆಯುತ್ತಾನೆಯೇ’ ಅಂದಾಗ ನನಗೆ ಅದು ಬರೀ ಪ್ರಶ್ನೆ ಅಂತಲೇ ಕೇಳ್ಸುತ್ತೆ.